ಹತ್ತು ಸಾವಿರ ಮಣಿ, ಒಂದು ‘ಆರ್‌ಐಪಿ’

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್‌ನ ಅಪ್ಪ ತೀರಿಕೊಂಡರು. ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಬಂತು. ಎಲ್ಲರಂತೆ ನಾನೂ ‘ಆರ್‌ಐಪಿ’ ಎಂದು ಟೈಪಿಸಿ, ಕೈಮುಗಿದ ಇಮೋಜಿ ಹಾಕಿ, ಪ್ಲೇಸ್‌ಮೆಂಟ್ ತಯಾರಿಗೆ ಮರಳಿದೆ. ಐದು ಸೆಕೆಂಡ್ ಹಿಡಿದಿರಬಹುದು. ಇಂಟರ್ನಲ್ಸ್ ಇದ್ದುದರಿಂದ ಅವನು ಐದನೇ ದಿನವೇ ವಾಪಸ್ ಬಂದ. ಹನ್ನೊಂದನೇ ದಿನದ ಕಾರ್ಯಕ್ಕೆ ರಜೆ ಕೇಳಿದರೆ, ‘ಹಾಜರಾತಿ ನೋಡ್ಕೋಪ್ಪ’ ಎಂಬ ಉತ್ತರ ಸಿಕ್ಕಿತು.

ಆಮೇಲೊಂದು ದಿನ ರಷ್ಯಾದ ಸುಂಗೀರ್ ಬಗ್ಗೆ ಓದಿದೆ. ಮಾಸ್ಕೋದಿಂದ ಪೂರ್ವಕ್ಕೆ, ವ್ಲಾದಿಮಿರ್ ನಗರದ ಬಳಿ 1969ರಲ್ಲಿ ಅಲ್ಲೊಂದು ಸಮಾಧಿ ಸಿಕ್ಕಿತು. ಸುಮಾರು 34,000 ವರ್ಷ ಹಿಂದೆ ಬೇಟೆಯಾಡಿ ಬದುಕುತ್ತಿದ್ದ ಜನ ಇಬ್ಬರು ಹುಡುಗರನ್ನು ತಲೆಗೆ ತಲೆ ಸೇರಿಸಿ ಮಲಗಿಸಿದ್ದರು. ಒಬ್ಬನಿಗೆ ಹನ್ನೆರಡರ ಆಸುಪಾಸು, ಇನ್ನೊಬ್ಬನಿಗೆ ಹತ್ತು. ಚಿಕ್ಕವನ ತೊಡೆಮೂಳೆಗಳು ಗಿಡ್ಡವಾಗಿ ಬಾಗಿದ್ದವು. ಮೈಮೇಲೆ ಕೆಂಪು ಕಾವಿಮಣ್ಣು, ಪಕ್ಕದಲ್ಲಿ ಮ್ಯಾಮತ್ ದಂತದ ಈಟಿಗಳು, ಜತೆಗೆ 10,000ಕ್ಕೂ ಹೆಚ್ಚು ದಂತದ ಮಣಿಗಳು.

ಎಂಜಿನಿಯರಿಂಗ್ ಓದುವವನಿಗೆ ಲೆಕ್ಕ ಹಾಕುವ ಚಟ. ಕಲ್ಲಿನ ಉಪಕರಣದಲ್ಲಿ ಒಂದು ಮಣಿ ಮಾಡಲು ಸುಮಾರು ಒಂದು ಗಂಟೆ ಬೇಕು ಎಂಬ ಅಂದಾಜಿದೆ. ಅಂದರೆ ಹತ್ತು ಸಾವಿರ ಗಂಟೆ. ಒಬ್ಬನೇ ದಿನಕ್ಕೆ ಎಂಟು ಗಂಟೆ ಕೂತರೂ ಮೂರು ವರ್ಷ ಮೀರುತ್ತದೆ! ಹುಡುಗರು ಬದುಕಿದ್ದಾಗಲೇ ಕೆಲವು ಮಣಿ ಅವರ ಬಟ್ಟೆಯಲ್ಲಿದ್ದಿರಬಹುದು. ಆದರೂ ಅವನ್ನು ಬಿಚ್ಚಿಕೊಂಡು ಬೇರೆ ಮಕ್ಕಳಿಗೆ ತೊಡಿಸಲಿಲ್ಲ, ಮಣ್ಣಿಗೇ ಬಿಟ್ಟುಕೊಟ್ಟರು.

ಸುಂಗೀರ್‌ನ ವೈಭವ ಅಪರೂಪ ನಿಜ. ಆದರೆ ವೈಭವವೇ ಬೇಕೆಂದಿಲ್ಲ. ಕೀನ್ಯಾದ ಪಂಗಾ ಯಾ ಸೈದಿ ಗುಹೆಯಲ್ಲಿ 78,000 ವರ್ಷ ಹಿಂದೆ ಹೂತ ಸುಮಾರು ಮೂರು ವರ್ಷದ ಮಗು ಸಿಕ್ಕಿದೆ. ಅಲ್ಲಿ ರಾಶಿ ಮಣಿಗಳಿಲ್ಲ. ಮೂಳೆಗಳಿದ್ದ ರೀತಿ ನೋಡಿದರೆ, ಮಗುವನ್ನು ಯಾವುದರಿಂದಲೋ ಬಿಗಿಯಾಗಿ ಸುತ್ತಿ, ತಲೆಯಡಿ ದಿಂಬಿನಂಥದ್ದೇನೋ ಇಟ್ಟಿದ್ದರು. ಯಾರೋ ಒಬ್ಬರಿಗೆ ಮಗುವಿನ ತಲೆ ನೆಲಕ್ಕೆ ತಾಗಬಾರದು ಎನಿಸಿತ್ತು.

ನಾವು ಒರಟರನ್ನು ‘ಕಾಡುಮನುಷ್ಯ’ ಎಂದು ಬೈಯುತ್ತೇವೆ. ಆ ಕಾಡುಮನುಷ್ಯರಿಗೆ ನಾಳಿನ ಊಟವೇ ಖಾತ್ರಿ ಇರಲಿಲ್ಲ, ಆದರೂ ಸತ್ತವರಿಗಾಗಿ ಪುರುಸೊತ್ತು ಮಾಡಿಕೊಂಡರು. ನಮಗೆ ಮೆಸ್ಸಿನಲ್ಲಿ ಮೂರು ಹೊತ್ತು ಊಟವಿದೆ, ಪುರುಸೊತ್ತಿಲ್ಲ.

ಕಾಲೇಜುಗಳಿಗೆ ನನ್ನದೊಂದು ಮನವಿ: ಮನೆಯಲ್ಲಿ ಸಾವಾದ ವಿದ್ಯಾರ್ಥಿಗೆ ಕಾರ್ಯ ಮುಗಿಯುವವರೆಗೆ ಹಾಜರಾತಿ ಕೊಡಿ, ಇಂಟರ್ನಲ್ಸ್ ಮತ್ತೆ ನಡೆಸಿ. ಗೆಳೆಯರಿಗೂ ಒಂದು ಮಾತು: ಮೆಸೇಜ್ ಹಾಕಿ ಸುಮ್ಮನಾಗಬೇಡಿ. ಆಗುವುದಾದರೆ ಬಸ್ ಹತ್ತಿ ಅವರ ಮನೆಗೆ ಹೋಗಿ, ಆಗದಿದ್ದರೆ ವಾಪಸ್ ಬಂದವರ ಪಕ್ಕದಲ್ಲಿ ಕೂರಿ.

ಸುಂಗೀರ್ ಬಗ್ಗೆ ಓದಿದ ರಾತ್ರಿ ರೂಮ್‌ಮೇಟ್‌ಗೆ, ‘ನಿಮ್ಮಪ್ಪ ಹೇಗಿದ್ರೋ?’ ಎಂದು ಕೇಳಿದೆ. ಎರಡು ತಿಂಗಳು ತಡವಾಗಿತ್ತು. ಅಡಿಕೆ ಸುಲಿಯುತ್ತಾ ರೇಡಿಯೊ ಕೇಳುತ್ತಿದ್ದ ಅಪ್ಪನ ಬಗ್ಗೆ ಅವನು ಬೆಳಗಿನ ಜಾವ ಎರಡರವರೆಗೂ ಮಾತಾಡಿದ.