‘ನಿಮ್ಮನೇಲಿ ಎಷ್ಟು ಓಟು?’

ಚುನಾವಣೆ ಬಂತೆಂದರೆ ಮೈಸೂರಿನ ಬನ್ನಿಮಂಟಪಕ್ಕೆ ಕೈತುಂಬ ಕೆಲಸ. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಇದೇ ಊರಿನ ಶಾಯಿ. 2024ರ ಲೋಕಸಭಾ ಚುನಾವಣೆಗೆ ಇಲ್ಲಿಂದ ಹೋದದ್ದು 26 ಲಕ್ಷಕ್ಕೂ ಹೆಚ್ಚು ಸೀಸೆ. ದೇಶದ ಬೆರಳಿಗೆ ಗುರುತು ಹಾಕುವ ಊರಿನಲ್ಲೇ, ಆ ಗುರುತು ಯಾಕೆ ಅಂತ ಮನೆಯ ಮಗುವಿಗೆ ಹೇಳಿಕೊಡುವವರು ಎಷ್ಟು ಮಂದಿ?

ಮತಗಟ್ಟೆಯಿಂದ ಬಂದ ಅಮ್ಮನ ಎಡಗೈ ತೋರುಬೆರಳು ನೋಡಿ ಆರು ವರ್ಷದ ಮಗು ಕೇಳೋದು ಎರಡೇ ಪ್ರಶ್ನೆ. ‘ಇದ್ಯಾಕಮ್ಮ ಅಳ್ಸಲ್ಲ?’ ‘ನೀನು ಯಾರಿಗೆ ಹಾಕ್ದೆ?’

ಮೊದಲನೆಯದಕ್ಕೆ ಉತ್ತರ ಸುಲಭ. ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕು ಬಿದ್ದರೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಒಬ್ಬರಿಗೆ ಒಂದೇ ಓಟು; ಎರಡನೇ ಸಲ ಹೋದರೆ ಬೆರಳೇ ಹೇಳಿಬಿಡುತ್ತೆ. ಎರಡನೆಯದಕ್ಕೆ ಎಷ್ಟೋ ಮನೆಗಳಲ್ಲಿ ಬರುವ ಉತ್ತರ, ‘ನಿಮ್ಮಪ್ಪ ಹೇಳಿದವರಿಗೆ’. ಬರಬೇಕಾದ ಉತ್ತರ, ‘ಅದು ಗುಟ್ಟು ಕಣಪ್ಪ’. ಯಂತ್ರದ ಪಕ್ಕದ ಗಾಜಿನಲ್ಲಿ ಚೀಟಿ ಕಾಣೋದು ಏಳೇ ಸೆಕೆಂಡು, ಅದೂ ಓಟು ಹಾಕಿದವರೊಬ್ಬರಿಗೇ. ಗಂಡನಿಗಾಗಲಿ, ಯಜಮಾನರಿಗಾಗಲಿ, ಪುಢಾರಿಗಾಗಲಿ ಅಲ್ಲಿಗೆ ಪ್ರವೇಶವಿಲ್ಲ. ಇಷ್ಟು ತಿಳಿದರೆ ಮಗುವಿಗೆ ಅರ್ಧ ಪಾಠ ಆದಂತೆ.

ಶಾಲೆಗಳಲ್ಲಿ ಈ ಪಾಠ ಇಲ್ಲವೆಂದಲ್ಲ. ಶಾಲೆ ಶುರುವಾದ ಮೇಲೆ ಬಹಳ ಕಡೆ ‘ಶಾಲಾ ಸಂಸತ್ತು’ ಚುನಾವಣೆ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಎಣಿಕೆ ಎಲ್ಲಾ ಉಂಟು. ಗೆದ್ದವರು ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ. ಪ್ರಮಾಣವಚನದ ಫೋಟೋ ಪೇಪರಿಗೆ ಬಂದ ಮೇಲೆ ಆ ಮಂತ್ರಿಗಳಿಗೆ ಕೆಲಸವೇನು? ಬಿಸಿಯೂಟದ ಸಾಂಬಾರು ನೀರಾಗಿದೆ ಅಂತ ಆಹಾರ ಮಂತ್ರಿ ಎದ್ದು ಹೇಳಿದರೆ ಕೇಳುವ ಮೇಷ್ಟ್ರು ಇದ್ದಲ್ಲಿ ಅದು ಪಾಠ, ಇಲ್ಲದಿದ್ದರೆ ನಾಟಕ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸಲ್ಲ ಎಂದು ಹುಡುಗರು ಅಧ್ಯಕ್ಷರ ಮುಖಕ್ಕೇ ಕೇಳುವುದುಂಟು. ಓಟು ಹಾಕಿ ಸುಮ್ಮನಾಗೋದಲ್ಲ, ಆಮೇಲೆ ಕೇಳೋದು ಉಳಿದರ್ಧ ಪಾಠ.

ಇಷ್ಟೆಲ್ಲ ಕಲಿತದ್ದನ್ನು ಮತದಾನದ ಹಿಂದಿನ ರಾತ್ರಿ ಒಂದೇ ಏಟಿಗೆ ತೊಳೆದುಹಾಕುತ್ತದೆ. ಬಾಗಿಲು ತಟ್ಟಿದವರದು ಒಂದೇ ಮಾತು: ‘ನಿಮ್ಮನೇಲಿ ಎಷ್ಟು ಓಟು?’ ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಂದು ಎಣಿಸಿ ಮಗುವೇ ನಾಲ್ಕು ಬೆರಳು ತೋರಿಸುತ್ತದೆ. ನೋಟು ಎಣಿಸಿ ಕೊಟ್ಟು ಅವರು ಹೋಗುತ್ತಾರೆ. ‘ದುಡ್ಡು ಯಾಕೆ ಕೊಟ್ರು?’ ಅಂದರೆ, ‘ಸುಮ್ನೆ ಒಳಗೆ ನಡಿ’.

‘ಎಲ್ಲರತ್ರನೂ ಇಸ್ಕೊ, ಬೇಕಾದೋರಿಗೆ ಹಾಕು’ ಅನ್ನೋದೇ ಜಾಣತನ ಎಂದು ತಿಳಿದವರು ಬಹಳ. ಓಟು ಗುಟ್ಟಾಗಿರುವುದರಿಂದ ಅದು ಸಾಧ್ಯವೂ ಹೌದು. ಆದರೆ ಪಕ್ಕದಲ್ಲಿ ನಿಂತ ಮಗು ಕಲಿಯೋದು ಕೈ ಚಾಚುವುದನ್ನು, ಮಾತಿಗೆ ತಪ್ಪುವುದನ್ನು. ಕಾನೂನಿನ ಕಣ್ಣಿಗೆ ಕೊಟ್ಟವನೂ ಅಪರಾಧಿ, ಇಸ್ಕೊಂಡವನೂ ಅಪರಾಧಿ. ಒಂದು ವರ್ಷದವರೆಗೆ ಜೈಲು ಉಂಟು. ಮೇಲಾಗಿ, ಇವತ್ತು ಕೊಟ್ಟವನು ನಾಳೆ ಅದನ್ನು ರಸ್ತೆ, ಚರಂಡಿಯ ಬಿಲ್ಲಿನಲ್ಲಿ ವಸೂಲಿ ಮಾಡದೆ ಬಿಡ್ತಾನೆಯೇ? ಬಿಟ್ಟರೆ ಅವನೆಂಥ ವ್ಯಾಪಾರಿ!

ಕರಪತ್ರ ಹಂಚಲು, ಘೋಷಣೆ ಕೂಗಲು ಮಕ್ಕಳನ್ನು ಬಳಸಬಾರದೆಂದು ಚುನಾವಣಾ ಆಯೋಗ 2024ರ ಫೆಬ್ರವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿತು. ಬೀದಿಯಲ್ಲಿ ತಡೆಯೋಕೆ ಆಯೋಗ ಇದೆ. ಮನೆ ಬಾಗಿಲಲ್ಲಿ ತಡೆಯೋರು ಮನೆಯವರೇ.

ಓಟಿನ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಇಂದು ಆರು ತುಂಬಿದ ಮಗುವಿಗೆ ಓಟು ಬರಲು ಇನ್ನು 12 ವರ್ಷ. ಅಷ್ಟರೊಳಗೆ ಆ ಬಾಗಿಲು ಇನ್ನೆಷ್ಟು ಸಲ ಬಡಿಸಿಕೊಳ್ಳುವುದೋ! ಮುಂದಿನ ಸಲ ‘ಎಷ್ಟು ಓಟು’ ಅಂದವರಿಗೆ ಅಪ್ಪನೋ ಅಮ್ಮನೋ ಮಗುವಿನ ಎದುರಿಗೇ, ‘ಇಲ್ಲಿ ಮಾರಾಟಕ್ಕಿಲ್ಲ, ಹೋಗ್ಬನ್ನಿ ಸ್ವಾಮಿ’ ಅಂದುಬಿಡಲಿ. ಮಗು ಅದನ್ನೂ ನೋಡುತ್ತಿರುತ್ತದೆ.