ಮಿಶ್ರಪ್ರಭುತ್ವವೂ ಅಖಂಡಾಧಿಕಾರವೂ

ಕಾನ್ಸಲರು, ಸೆನೆಟ್ ಸಭೆ, ಪ್ರಜಾವರ್ಗ ಈ ಮೂರೂ ಒಂದನ್ನೊಂದು ತಡೆಯಬಲ್ಲವಾದುದರಿಂದಲೇ ರೋಮ್ ರಾಜ್ಯವು ಬಲಿಷ್ಠವಾಯಿತೆಂದು ಪೊಲಿಬಿಯಸನು ಬಗೆದನು. ಪರಮಾಧಿಕಾರವನ್ನು ಹಂಚಿದರೆ ರಾಜ್ಯವೇ ಉಳಿಯದೆಂದು 1651ರಲ್ಲಿ ಹಾಬ್ಸನು ವಾದಿಸಿದನು. ಇದು ಪಂಡಿತರ ಕಲಹವೆಂದು ವಾಚಕರು ಪುಟ ಮಗುಚಬಾರದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಮಟಾ ತಾಲ್ಲೂಕಿನ ಸಂತೆಗುಳಿಯ ರೈತನನ್ನು ಕೇಳಿದವರಾರು? ದಕ್ಷಿಣ ಕನ್ನಡವು ಮದ್ರಾಸಿನಲ್ಲೇ ಉಳಿಯಿತು. ಮೇಲಿನವರ ಅಪ್ಪಣೆಯನ್ನು ತಡೆಯುವ ಕೈಯೇ ಇರಲಿಲ್ಲ.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯದೊಡನೆ ಕೂಡುವ ಮುನ್ನ ಆಯೋಗವು ಅಹವಾಲುಗಳನ್ನು ಆಲಿಸಿತ್ತು, ಶಾಸನಸಭೆಗಳು ಚರ್ಚಿಸಿದ್ದುವು. ಆದರೂ ಹಾಬ್ಸನು ಪೂರ್ತಿ ಸೋತನೆನ್ನಲಾಗದು. ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯದ ಮೇರೆಯನ್ನು ಬದಲಿಸುವ ಮಸೂದೆಯನ್ನು ಆ ರಾಜ್ಯದ ಶಾಸನಸಭೆಯ ಅಭಿಪ್ರಾಯಕ್ಕೆ ಕಳುಹಿಸಬೇಕು. ಆ ಅಭಿಪ್ರಾಯವನ್ನು ಸಂಸತ್ತು ಮನ್ನಿಸಲೇಬೇಕೆಂಬ ಕಟ್ಟಿಲ್ಲ. ಪೊಲಿಬಿಯಸನು ಇದನ್ನು ತಡೆಯೆಂದು ಎಣಿಸುತ್ತಿರಲಿಲ್ಲ.

ಶಾಸನಸಭೆಯ ಒಪ್ಪಿಗೆಯೇ ಬೇಕೆಂದಿದ್ದರೆ 1956ರಲ್ಲಿ ಮುಂಬಯಿಯು ನಮ್ಮ ಏಕೀಕರಣಕ್ಕೇ ಅಡ್ಡಬರಬಹುದಿತ್ತಲ್ಲವೆ ಎಂಬ ಆಕ್ಷೇಪವುಂಟು. ಅದು ಹಗುರವಾದುದಲ್ಲ. ಆದುದರಿಂದಲೇ ಒಪ್ಪಿಗೆಯನ್ನು ಕೇಳಬೇಕಾದುದು ಇಡೀ ರಾಜ್ಯವನ್ನಲ್ಲ, ಬೇರೆ ರಾಜ್ಯಕ್ಕೆ ಸೇರಲಿರುವ ತಾಲ್ಲೂಕಿನ ಮತದಾರರನ್ನು. ಅನುಚ್ಛೇದವನ್ನು ಹಾಗೆ ತಿದ್ದಬೇಕೆಂದು ನಾವು ಸಂಸತ್ಸದಸ್ಯರಲ್ಲಿ ಬಿನ್ನವಿಸುತ್ತೇವೆ.