ಜೀಪಿನ ಫಾಗ್ ಲೈಟಿಗೆ ರಿಲೇ ಹಾಕಿಸಿ

ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲೋ ಭಾಗಮಂಡಲ ರಸ್ತೆಯಲ್ಲೋ ಮಂಜು ಕವಿದರೆ ಹತ್ತು ಮಾರು ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕೇ ನಮ್ಮ ಕೊಡಗಿನ ತೋಟದ ಜೀಪುಗಳಿಗೆ ಎರಡು ಫಾಗ್ ಲೈಟ್ ಹೆಚ್ಚುವರಿಯಾಗಿ ಹಾಕಿಸುತ್ತಾರೆ. ಹಾಕಿಸಲಿ. ಆದರೆ ರಿಲೇ ಇಲ್ಲದೆ, ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನಿಂದಲೇ ನೇರ ಕನೆಕ್ಷನ್ ಕೊಡಿಸುವುದನ್ನು ನಾವು ಒಪ್ಪುವುದಿಲ್ಲ.

ಲೆಕ್ಕ ಸುಲಭ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ಎಳೆಯುತ್ತವೆ. ತೆಳು ವೈರು, ಸಣ್ಣ ಸ್ವಿಚ್ಚು ಇಷ್ಟನ್ನು ತಾಳದೆ ಬಿಸಿಯಾಗುತ್ತವೆ, ಪ್ಲಾಸ್ಟಿಕ್ ಕರಗುತ್ತದೆ. ಘಾಟಿ ತಿರುವಿನಲ್ಲಿ ದೀಪ ಆರಿದರೆ ಹಿಂದೆ ಕುಳಿತ ಕಾರ್ಮಿಕರ ಗತಿಯೇನು?

ರಿಲೇ ಇದ್ದರೆ ಸ್ವಿಚ್ಚಿನಲ್ಲಿ ಹರಿಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಭಾರವನ್ನು ರಿಲೇ ಹೊರುತ್ತದೆ. ಅದರ ಕಾಲುಗಳ ಮೇಲೆ ನಂಬರ್ ಬರೆದಿರುತ್ತದೆ: 30ಕ್ಕೆ ಬ್ಯಾಟರಿಯಿಂದ ದಪ್ಪ ವೈರು, 87ರಿಂದ ದೀಪಗಳಿಗೆ ದಪ್ಪ ವೈರು, 86ಕ್ಕೆ ಸ್ವಿಚ್ಚಿನ ವೈರು, 85ರಿಂದ ಬಾಡಿಗೆ ಅರ್ತ್. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ನಮ್ಮ ಮಳೆಗೆ ನೀರು ನಿಲ್ಲದಂತೆ ರಿಲೇಯ ಕಾಲುಗಳು ಕೆಳಮುಖವಾಗಿರಲಿ. ಫ್ಯೂಸ್ ಹೋದರೆ ತಂತಿ ಸುತ್ತಿ ಓಡಿಸಬೇಡಿ, ಕಾರಣ ಹುಡುಕಿಸಿ.

ಕೆಲಸದವರನ್ನು ಹೊತ್ತೊಯ್ಯುವ ಜೀಪಾದರೆ ಈ ಖರ್ಚು ಡ್ರೈವರನ ತಲೆಗೆ ಬೀಳಬಾರದು, ತೋಟದ ಮಾಲೀಕರೇ ಕೊಡಬೇಕು. ಟಯರ್ ನೋಡುವಂತೆ ವೈರಿಂಗನ್ನೂ ಮಳೆಗೆ ಮುಂಚೆ ನೋಡಿಸಿ.